ಎಣಿಕೆ ಸರಿ, ಆಳು ಬೇರೆ

ಕಲ್ಲುಮಂಟಪದ ಹತ್ತಿರ ನಿಂತು ಎಣಿಸಿದಾಗ ಹನ್ನೊಂದು ತಲೆ ಇದ್ದವು. ಬೆಳಿಗ್ಗೆ ಹೊರಟವರೂ ಹನ್ನೊಂದೇ. ಲೆಕ್ಕ ತಾಳೆಯಾಯಿತಲ್ಲ ಎಂದು ಯಾರೋ ಕೋಡುಬಳೆ ಪೊಟ್ಟಣ ಬಿಚ್ಚಿದರು, ಯಾರೋ ಬೂಟು ಕಳಚಿ ಇಂಬಳ ಹುಡುಕತೊಡಗಿದರು. ಪೊಟ್ಟಣ ಸುತ್ತು ಬಂದು ಕೊನೆಯವನ ಕೈ ಸೇರಿತು. ಆತ ಹಳದಿ ರೇನ್‌ಕೋಟಿನ ಟೋಪಿಯನ್ನು ಹಿಂದಕ್ಕೆ ಸರಿಸಿ, ನಮ್ಮೆಲ್ಲರ ಮುಖವನ್ನು ಒಂದು ಸುತ್ತು ನೋಡಿ, "ಅಯ್ಯ, ನೀವು ನಮ್ಮ ಮಂದಿ ಅಲ್ಲೇನ್ರಿ?" ಎಂದ. ಹುಬ್ಬಳ್ಳಿ ಕಡೆಯ ಹುಡುಗ. ಮುಂದೆ ಹೋಗುತ್ತಿರುವುದು ತನ್ನ ಗುಂಪೇ ಎಂದುಕೊಂಡು ಅರ್ಧ ಗಂಟೆಯಿಂದ ನಮ್ಮ ಬೆನ್ನಿಗೇ ನಡೆದು ಬಂದಿದ್ದ. ಇವನು ನಮ್ಮವನಲ್ಲ ಎಂದಾದರೆ ನಮ್ಮವರೊಬ್ಬರು ಕಡಿಮೆ. ಯಾರು ಎಂದು ಹೊಳೆಯಲು ಇನ್ನೂ ಅರ್ಧ ನಿಮಿಷ ಬೇಕಾಯಿತು. ಮೇಷ್ಟ್ರು ಇರಲಿಲ್ಲ.

ಹೊಳೆ ದಾಟಿದ ಹತ್ತು ಮಂದಿ ದಡದಲ್ಲಿ ನಿಂತು, ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಒಬ್ಬ ನೀರುಪಾಲಾದ ಎಂದು ಗೋಳಾಡಿದ ಕಥೆ ಎಲ್ಲರೂ ಕೇಳಿದ್ದೇ. ನಮ್ಮದು ಅದರ ತಿರುವುಮುರುವು. ಅವರಲ್ಲಿ ಎಲ್ಲರೂ ಇದ್ದರು, ಎಣಿಕೆ ತಪ್ಪಿತ್ತು. ನಮ್ಮಲ್ಲಿ ಎಣಿಕೆ ಸರಿಯಾಗಿಯೇ ಇತ್ತು.

ಇದು ನಡೆದದ್ದು ಕುಮಾರ ಪರ್ವತದಲ್ಲಿ, ಅಕ್ಟೋಬರ್ ಮಧ್ಯದ ಒಂದು ಭಾನುವಾರ. ಪುಷ್ಪಗಿರಿ ಎಂಬ ಹೆಸರೂ ಇರುವ ಈ ಶಿಖರದ ಎತ್ತರ 1,712 ಮೀಟರ್. ರಾಜ್ಯದಲ್ಲಿ ಇದಕ್ಕಿಂತ ಎತ್ತರದ ಬೆಟ್ಟಗಳಿಗೆ ಬರವಿಲ್ಲ. ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಗೆ ಹೋಗುವವರು ತುದಿಯ ಹತ್ತಿರದವರೆಗೂ ವಾಹನದಲ್ಲೇ ಹೋಗಿ ಉಳಿದ ಮೆಟ್ಟಿಲು ಹತ್ತುತ್ತಾರೆ. ಇಲ್ಲಿ ಆ ಸೌಕರ್ಯವಿಲ್ಲ. ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟಕ್ಕಿಂತ ಸುಮಾರು 120 ಮೀಟರ್ ಮೇಲಿದೆ, ಅಷ್ಟೆ. ಅಲ್ಲಿಂದ ಹೊರಟರೆ ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಎತ್ತರವನ್ನು ಕಾಲಲ್ಲೇ ಗೆಲ್ಲಬೇಕು. ದಾರಿ ಒಂದು ಕಡೆಗೆ ಹನ್ನೆರಡು ಹದಿಮೂರು ಕಿಲೋಮೀಟರ್. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿದರೆ ದೂರವೂ ಕಡಿಮೆ, ಏರೂ ಕಡಿಮೆ. ನಾವು ಕುಕ್ಕೆ ಕಡೆಯ ದಾರಿ ಹಿಡಿದದ್ದು ಸುಮ್ಮನೆ ಹಟಕ್ಕೆ.

ಮಳೆಗಾಲದಲ್ಲಿ ಈ ದಾರಿಯನ್ನು ಮುಚ್ಚಿರುತ್ತಾರೆ. ಅಕ್ಟೋಬರ್ ಹೊತ್ತಿಗೆ ತೆರೆಯುತ್ತದೆ, ನಾಲ್ಕು ತಿಂಗಳಿಂದ ಕಾಲು ಕೆರೆಯುತ್ತಿದ್ದವರೆಲ್ಲ ಒಮ್ಮೆಲೇ ಮುಗಿಬೀಳುತ್ತಾರೆ. 2024ರ ಜನವರಿ ಕೊನೆಯ ರಜೆಯಲ್ಲಿ ಇಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳನ್ನು ಓದುಗರು ನೋಡಿರಬಹುದು. ಆ ಗದ್ದಲದ ನಂತರವೇ ಆನ್‌ಲೈನ್ ಕಾದಿರಿಸುವ ಪದ್ಧತಿ ಬಂತು, ದಿನಕ್ಕೆ 300 ಮಂದಿ ಎಂಬ ಮಿತಿ ಬಂತು. ಮಿತಿ ಒಳ್ಳೆಯದೇ. ಆದರೂ ಮುನ್ನೂರು ಜನ ಒಂದೇ ಕಾಲುದಾರಿಯಲ್ಲಿ, ಬಹುಪಾಲು ಸುಬ್ರಹ್ಮಣ್ಯದ ಅಂಗಡಿಬೀದಿಯಲ್ಲೇ ಕೊಂಡ ಒಂದೇ ಬಣ್ಣದ ಪ್ಲಾಸ್ಟಿಕ್ ರೇನ್‌ಕೋಟಿನಲ್ಲಿ, ಹತ್ತು ಮಾರು ಕಾಣದ ಮಂಜಿನಲ್ಲಿ ನಡೆದರೆ ಯಾರು ಯಾರ ಗುಂಪಿನವರು ಎಂದು ಸುಬ್ರಹ್ಮಣ್ಯ ಸ್ವಾಮಿಯೇ ಹೇಳಬೇಕು.

ಮಳೆ ಮುಗಿದ ಮೇಲೆ ಹೋದರೂ ಮಳೆ ಯಾಕೆ ಸಿಕ್ಕಿತು ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಮಳೆಯ ಲೆಕ್ಕವನ್ನು ನಕ್ಷತ್ರದಲ್ಲಿ ಇಡುವವರು ಹಾಗೆ ಕೇಳುವುದಿಲ್ಲ. ಅಕ್ಟೋಬರ್ 10ರ ಆಸುಪಾಸಿನಲ್ಲಿ ಚಿತ್ತಾ ಮಳೆ ಹುಟ್ಟುತ್ತದೆ, ಎರಡು ವಾರ ಇರುತ್ತದೆ, ಆಮೇಲೆ ಸ್ವಾತಿ. "ಕುರುಡು ಚಿತ್ತೆ ಎರಚಿದತ್ತಲೇ ಬೆಳೆ" ಎಂಬ ಗಾದೆಯನ್ನು ನಮ್ಮ ಗುಂಪಿಗೆ ನೆನಪಿಸಿದವರು ಮೇಷ್ಟ್ರೇ, ರಾತ್ರಿ ಬಸ್ಸಿನಲ್ಲಿ. ಆಷಾಢದ ಮಳೆಯ ಹಾಗೆ ಇದು ಊರೆಲ್ಲ ಒಂದೇ ಸಮ ಹೊಯ್ಯುವುದಿಲ್ಲ. ಕಣ್ಣು ಕಾಣದವಳು ಮೊರದಿಂದ ಎರಚಿದಂತೆ ಈ ಗುಡ್ಡಕ್ಕೆ ಬಿದ್ದರೆ ಆ ಗುಡ್ಡಕ್ಕಿಲ್ಲ.

ಗಾದೆಯ ಹಿಂದಿನ ಹವಾಮಾನವೂ ಹಾಗೆಯೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣ ಕಡಲಿನಿಂದ ಒಂದೇ ದಿಕ್ಕಿಗೆ ಬಂದು ಘಟ್ಟಕ್ಕೆ ಒರಗುತ್ತದೆ. ಅಕ್ಟೋಬರಿನಲ್ಲಿ ಮುಂಗಾರು ಹಿಂದೆ ಸರಿಯುತ್ತದೆ, ಹಿಂಗಾರು ಇನ್ನೂ ಕಾಲೂರಿರುವುದಿಲ್ಲ. ಗಾಳಿಗೆ ಯಜಮಾನರಿಲ್ಲದ ಕಾಲ ಅದು. ನೆಲ ಇನ್ನೂ ಹಸಿ, ಬಿಸಿಲು ಚುರುಕು. ಬೆಳಗಿನ ಬಿಸಿಲಿಗೆ ನೆಲದ ತೇವ ಆವಿಯಾಗಿ ಏರುತ್ತದೆ, ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ನೆತ್ತಿಯ ಮೇಲೆ ಮೋಡ ಗೋಪುರ ಕಟ್ಟುತ್ತದೆ, ಗುಡುಗು ಸಿಡಿಲಿನೊಂದಿಗೆ ಇಳಿಯುತ್ತದೆ. ಬೆಳಿಗ್ಗೆ ಆರಕ್ಕೆ ಆಕಾಶ ತೊಳೆದ ಹಾಗಿತ್ತು ಎಂಬ ಕಾರಣಕ್ಕೆ ಚಾರಣಿಗರು ಮೋಸ ಹೋಗುವುದು ಇದೇ ತಿಂಗಳಲ್ಲಿ. ನಾವೂ ಹೋದೆವು.

ಮಂಜು ಸಿಕ್ಕಿದ್ದು ದಾರಿ ನಡುವಿನ ಗಿರಿಗದ್ದೆಗಿಂತ ಸ್ವಲ್ಪ ಕೆಳಗೆ. ಅಲ್ಲಿಯವರೆಗೆ ದಟ್ಟ ಕಾಡು, ಬೆವರು, ಭೀಮನ ಬಂಡೆಯ ಬಳಿ ಒಂದು ವಿಶ್ರಾಂತಿ. ಆಮೇಲೆ ಮರಗಳ ನಡುವೆ ಯಾರೋ ಬಿಳಿ ಪಂಚೆ ಒಣಹಾಕಿದ ಹಾಗೆ ಕಂಡಿತು. ಹತ್ತಿರ ಹೋದಂತೆ ಅದು ಹಿಂದೆ ಹಿಂದೆ ಸರಿಯಿತು, ತಿರುಗಿ ನೋಡಿದರೆ ಬೆನ್ನ ಹಿಂದೆಯೂ ಅದೇ. "ಮಂಜು ಇಳೀತಿದೆ" ಎಂದೆ ನಾನು. "ಇಳಿಯುವುದಲ್ಲ ಮಾರ್ರೆ, ನಾವೇ ಹತ್ತಿದ್ದು" ಎಂದ ನಮ್ಮ ಮುಂದಾಳು, ಪುತ್ತೂರಿನ ಹುಡುಗ. ಅವನು ಹೇಳಿದ್ದು ಶುದ್ಧ ವಿಜ್ಞಾನ.

ಗಾಳಿ ಮೇಲೇರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಸಾವಿರ ಮೀಟರಿಗೆ ಸುಮಾರು ಹತ್ತು ಡಿಗ್ರಿಯ ಲೆಕ್ಕದಲ್ಲಿ ತಣಿಯುತ್ತ ಹೋಗಿ ಒಂದು ಎತ್ತರದಲ್ಲಿ ತನ್ನ ತೇವವನ್ನು ಹೊರಲಾರದೆ ಹನಿಯಾಗಿ ಕಟ್ಟುತ್ತದೆ. ಆ ಎತ್ತರ ಎಲ್ಲಿ ಎಂದು ಅಂದಾಜಿಸಲು ಹವಾಮಾನದವರಲ್ಲಿ ಒಂದು ಸುಲಭ ಸೂತ್ರವಿದೆ. ಬುಡದಲ್ಲಿರುವ ಗಾಳಿಯ ಉಷ್ಣಾಂಶಕ್ಕೂ ಇಬ್ಬನಿ ಕಟ್ಟುವ ಉಷ್ಣಾಂಶಕ್ಕೂ ಇರುವ ಅಂತರವನ್ನು 125ರಿಂದ ಗುಣಿಸಿದರೆ ಮೋಡದ ತಳ ಎಷ್ಟು ಮೀಟರ್ ಮೇಲಿದೆ ಎಂದು ತಿಳಿಯುತ್ತದೆ. ಕುಕ್ಕೆಯಲ್ಲಿ 27 ಡಿಗ್ರಿ ಇದ್ದು, ಇಬ್ಬನಿ ಕಟ್ಟುವುದು 23ರಲ್ಲಿ ಎಂದಿಟ್ಟುಕೊಳ್ಳಿ. ನಾಲ್ಕು ಗುಣಿಸು 125, ಅಂದರೆ ಐನೂರು ಮೀಟರ್. ಬೆಟ್ಟದ ಮೂರನೇ ಒಂದು ಭಾಗ ಮುಗಿಯುವ ಹೊತ್ತಿಗೇ ತಲೆ ಮೋಡದೊಳಗೆ. ಕೆಳಗಿನವರ ಮೋಡವೇ ಮೇಲಿನವರ ಮಂಜು, ವಸ್ತು ಒಂದೇ. ಒಂದು ಕಿಲೋಮೀಟರಿಗಿಂತ ಕಡಿಮೆ ಕಂಡರೆ ಮಾತ್ರ ಹವಾಮಾನದ ಪುಸ್ತಕದಲ್ಲಿ ಅದಕ್ಕೆ ಮಂಜು ಎಂಬ ಹೆಸರು. ನಮಗೆ ಕಾಣುತ್ತಿದ್ದದ್ದು ಮುಂದಿನವರ ಬೆನ್ನಚೀಲ.

ಗಿರಿಗದ್ದೆ ದಾಟಿದ ಮೇಲೆ ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಅಕ್ಟೋಬರಿನ ಹುಲ್ಲು ಸೊಂಟದಿಂದ ಎದೆಮಟ್ಟ. ದಾರಿಯ ಎರಡೂ ಬದಿಯಿಂದ ಬಾಗಿ, ಒದ್ದೆ ಕೈಯಲ್ಲಿ ಸವರುವಂತೆ ಪ್ಯಾಂಟನ್ನು ತೊಯ್ಯಿಸುತ್ತದೆ. ಮಳೆ ಬರುತ್ತಿರಲಿಲ್ಲ, ಆದರೂ ಮೊಣಕಾಲಿನ ಕೆಳಗೆ ಒಣಗಿದ ಜಾಗ ಇರಲಿಲ್ಲ. ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಒಂಟಿ ಮರ. ಅಂಥ ಒಂದು ಮರದ ಕೆಳಗೆ ಪಟಪಟ ಹನಿ ಬೀಳುತ್ತಿತ್ತು, ಎರಡು ಹೆಜ್ಜೆ ಈಚೆ ಬಂದರೆ ಹನಿಯಿಲ್ಲ. "ಗಿಡದ ಕೆಳಗಷ್ಟ ಮಳಿ ಬರಾಕತ್ತೈತಲ್ರಿ" ಎಂದು ಹಿಂದಿನಿಂದ ಯಾರೋ ಹೇಳಿದ್ದು ಕೇಳಿಸಿತ್ತು. ನಮ್ಮ ಗುಂಪಿನಲ್ಲಿ ಉತ್ತರ ಕರ್ನಾಟಕದವರು ಯಾರೂ ಇಲ್ಲ ಎಂದು ಆಗಲೇ ನನಗೆ ಹೊಳೆಯಬೇಕಿತ್ತು.

ಹುಡುಗ ಕಂಡದ್ದು ಮಾತ್ರ ಸರಿಯಾದದ್ದನ್ನೇ. ಮಂಜಿನ ಹನಿ ಕೂದಲೆಳೆಗಿಂತ ಸಣ್ಣದು, ಒಂದು ಮಿಲಿಮೀಟರಿನ ಐವತ್ತನೇ ಭಾಗದ ಆಸುಪಾಸು. ಅಷ್ಟು ಹಗುರವಾದದ್ದು ಬೀಳುವುದಿಲ್ಲ, ತೇಲುತ್ತದೆ. ಅಂಥ ಹತ್ತು ಲಕ್ಷ ಹನಿ ಸೇರಿದರೆ ಎರಡು ಮಿಲಿಮೀಟರಿನ ಒಂದು ಮಳೆಹನಿ. ಒಂದು ಘನ ಮೀಟರ್ ಮಂಜನ್ನು ಹಿಂಡಿದರೂ ಸಾಮಾನ್ಯವಾಗಿ ಅರ್ಧ ಗ್ರಾಂ ನೀರು ಸಿಗದು. ಆದರೆ ಗಾಳಿ ಇಡೀ ಹಗಲು ಆ ಮಂಜನ್ನು ಎಲೆ, ಕೊಂಬೆ, ಪಾಚಿಯ ಮೇಲೆ ಹಾಯಿಸುತ್ತಲೇ ಇದ್ದರೆ ಮರ ಅದನ್ನು ಬಾಚಣಿಗೆಯಂತೆ ಬಾಚಿ ಹನಿಗೂಡಿಸಿ ಬುಡಕ್ಕೆ ಇಳಿಸುತ್ತದೆ. ಮಳೆಮಾಪಕದಲ್ಲಿ ಈ ನೀರಿನ ಲೆಕ್ಕ ಬರುವುದಿಲ್ಲ. ಶಿಖರಕ್ಕೆ ಮೊದಲು ಸಿಗುವ ಶೇಷ ಪರ್ವತದಿಂದಾಚೆಯ ಕಣಿವೆಯಲ್ಲಿ ಶೋಲಾ ಕಾಡು ಹುದುಗಿಕೊಂಡಿದೆ. ಅದರ ಪಾಚಿ ಹೊದ್ದ ಮರಗಳು ಮಾಡುವುದು ಇದೇ ಕೆಲಸ. ಈ ಬೆಟ್ಟದಲ್ಲಿ ಹುಟ್ಟುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ಮಂಗಳೂರಿನವರು ಕುಡಿಯುವ ನೀರಲ್ಲಿ ಈ ಬಾಚಿದ ಮಂಜೂ ಒಂದಿಷ್ಟು ಇದೆ.

ಇನ್ನು ಇಂಬಳದ ವಿಷಯ. ಉಂಬಳ ಎನ್ನುವವರೂ ಇದ್ದಾರೆ, ಕಚ್ಚುವುದು ಒಂದೇ ರೀತಿ. ಮೊದಲು ನಡೆದವರ ಹೆಜ್ಜೆಯ ಅದುರಿಗೆ ಏಳುತ್ತದೆ, ಉಸಿರಿನ ವಾಸನೆಗೆ, ಮೈಯ ಬಿಸಿಗೆ ತಲೆಯೆತ್ತಿ ಆಡುತ್ತದೆ, ಮೂರನೆಯವರಿಗೋ ನಾಲ್ಕನೆಯವರಿಗೋ ಅಂಟುತ್ತದೆ. ಸಾಲಿನ ಕೊನೆಯಲ್ಲಿ ನಡೆಯುವವರು ಮುಂದಿನವರ ಸಾಲ ತೀರಿಸುತ್ತ ಬರಬೇಕು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಹುಳು ಉದುರಿದ ಮೇಲೂ ಕಾಲು ಸುರಿಯುತ್ತದೆ, ನೋಡಿದವರಿಗೆ ಗಾಬರಿಯಾಗುತ್ತದೆ, ಆದವರಿಗೆ ತುರಿಕೆಯಷ್ಟೇ. ಹೊಗೆಸೊಪ್ಪು, ಸುಣ್ಣ, ಉಪ್ಪು ಎಂದು ಒಬ್ಬೊಬ್ಬರದು ಒಂದೊಂದು ಮದ್ದು. ಒದ್ದೆ ಹುಲ್ಲು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ತೊಳೆದು ಹಾಕುತ್ತದೆ.

ಇಂಬಳದ ಮಾತು ಯಾಕೆ ಬಂತೆಂದರೆ, ಸಾಲಿನ ಕೊನೆಯವನು ನಾನೇ ಆಗಿದ್ದೆ.

ಗುಂಪಿನಲ್ಲಿ ಹತ್ತುವಾಗ ಎರಡು ಜಾಗ ಮುಖ್ಯ. ಮುಂದಿನವನು ದಾರಿ ನೋಡುತ್ತಾನೆ, ಹಿಂದಿನವನು ಜನ ನೋಡುತ್ತಾನೆ. ಹಿಂದಿನವನ ಹಿಂದೆ ಯಾರೂ ಇರಬಾರದು. ನಿಯಮ ಇಷ್ಟೇ, ಮೂರನೇ ತರಗತಿ ಹುಡುಗರಿಗೂ ಅರ್ಥವಾಗುತ್ತದೆ. ಮೇಷ್ಟ್ರು ಕಲ್ಲೊಂದರ ಮೇಲೆ ಕಾಲಿಟ್ಟು, "ನೀನು ನಡಿ ಮಾರಾಯ, ಬೂಟಿನ ದಾರ ಕಟ್ಕೊಂಡು ಬಂದೆ" ಎಂದರು. ಬೂಟಿನ ದಾರ ಕಟ್ಟಿಯೇ ಇತ್ತು. ಅವರಿಗೆ ಒಂದಕ್ಕೆ ಹೋಗಬೇಕಿತ್ತು. ಅರವತ್ತೆರಡು ವರ್ಷದ, ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಹಿರಿಯರ ಹತ್ತಿರ "ಇಲ್ಲ ಸಾರ್, ನೀವು ಮುಗಿಸೋವರೆಗೆ ಇಲ್ಲೇ ಬೆನ್ನು ತಿರುಗಿಸಿ ನಿಂತಿರ್ತೀನಿ" ಎಂದು ಹೇಳುವುದು ಹೇಗೆ? ಸಂಕೋಚಪಟ್ಟು ಮುಂದೆ ನಡೆದೆ. ನಿಧಾನಕ್ಕೆ ನಡೆದೆ, ಅದು ನಿಜ. ಹಿಂದೆ ಹಳದಿ ಕೋಟೊಂದು ಬರುತ್ತಿರುವುದನ್ನು ಎರಡು ಸಲ ತಿರುಗಿ ನೋಡಿದೆ, ಅದೂ ನಿಜ. ಬೆಟ್ಟದಲ್ಲಿ ಜನ ಕಳೆದುಹೋಗುವುದು ಪ್ರಪಾತದ ಅಂಚಿನಲ್ಲಿ ಎಂದುಕೊಂಡಿದ್ದೆ. ಈಗ ಕೇಳಿದರೆ, ಹೆಚ್ಚಿನವರು ಕಳೆದುಹೋಗುವುದು ಮರ್ಯಾದೆಯ ಕಾರಣಕ್ಕೆ ಎನ್ನುತ್ತೇನೆ.

ಮಂಟಪದಿಂದ ನಾಲ್ವರು ವಾಪಸು ಹೊರಟೆವು. ಉಳಿದವರಿಗೆ ಅಲ್ಲಿಂದ ಕದಲಬೇಡಿ ಎಂದು ಪುತ್ತೂರಿನ ಹುಡುಗ ಮೂರು ಸಲ ಹೇಳಿದ. ಐವತ್ತು ಹೆಜ್ಜೆಗೊಮ್ಮೆ ನಿಂತು ಕೂ ಹಾಕುವುದು, ಉಸಿರು ಬಿಗಿಹಿಡಿದು ಕೇಳುವುದು. ಉತ್ತರ ಬಂದರೂ ಅದು ಗಾಳಿಯದೋ, ಮೇಲೆ ಬರುತ್ತಿರುವ ಬೇರೆ ಗುಂಪಿನದೋ ತಿಳಿಯುತ್ತಿರಲಿಲ್ಲ. ಬರೀ ಕೂಗಿನ ತೊಂದರೆ ಇದು, ಎಲ್ಲರೂ ಕೂಗುತ್ತಾರೆ. ಅದಕ್ಕೇ ಪರ್ವತಾರೋಹಿಗಳಲ್ಲಿ ಸೀಟಿಗೆ ಒಂದು ಭಾಷೆ ಇದೆ. ಒಂದು ನಿಮಿಷದಲ್ಲಿ ಆರು ಸಲ ಊದಿ ಒಂದು ನಿಮಿಷ ಸುಮ್ಮನಿದ್ದರೆ ಕಷ್ಟದಲ್ಲಿದ್ದೇನೆ ಎಂದರ್ಥ. ನಿಮಿಷಕ್ಕೆ ಮೂರು ಸಲ ಊದಿದರೆ ಕೇಳಿಸಿತು ಎಂಬ ಉತ್ತರ. 1894ರಿಂದ ಆಲ್ಪ್ಸ್‌ನಲ್ಲಿ ಬಳಕೆಯಲ್ಲಿದೆ. ನಮ್ಮಲ್ಲಿ ಸೀಟಿ ಇತ್ತು, ನನ್ನ ಚೀಲದ ಎದೆಪಟ್ಟಿಯ ಬಕಲ್ಲಿಗೇ ಅದನ್ನು ಕೂರಿಸಿದ್ದರು. ಅದು ಸೀಟಿ ಎಂದು ನನಗೆ ಗೊತ್ತಾದದ್ದು ಆವತ್ತು.

ಮಲೆನಾಡಿನ ಹಿರಿಯರು ದಾರಿ ತಪ್ಪಿಸುವ ಬಳ್ಳಿಯ ಮಾತು ಹೇಳುತ್ತಾರೆ. ಅದನ್ನು ತುಳಿದವನು ರಾತ್ರಿಯಿಡೀ ನಡೆದರೂ ಹೊರಟಲ್ಲಿಗೇ ಬಂದು ನಿಲ್ಲುತ್ತಾನಂತೆ. ಬಳ್ಳಿ ಇದೆಯೋ ಇಲ್ಲವೋ, ಸುತ್ತುವುದಂತೂ ಇದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು ಜನರನ್ನು ಒಂದು ಸಮತಟ್ಟು ಕಾಡಿನಲ್ಲೂ ಸಹಾರಾ ಮರಳುಗಾಡಿನಲ್ಲೂ ನೇರ ನಡೆಯಿರಿ ಎಂದು ಬಿಟ್ಟು ಜಿಪಿಎಸ್‌ನಲ್ಲಿ ಹಿಂಬಾಲಿಸಿದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಸೂರ್ಯ ಕಂಡಷ್ಟು ಹೊತ್ತು ನಡಿಗೆ ಹೆಚ್ಚುಕಡಿಮೆ ನೇರ. ಮೋಡ ಕವಿದ ದಿನ ಕಾಡಿನಲ್ಲಿ ನಡೆದವರು ಸುತ್ತು ಹಾಕಿ ತಮ್ಮದೇ ಹೆಜ್ಜೆಯನ್ನು ದಾಟಿದರು, ದಾಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟಾಗ ಕೆಲವರ ಸುತ್ತು ಇಪ್ಪತ್ತು ಮೀಟರ್ ಅಗಲದಷ್ಟು ಕಿರಿದಾಗಿತ್ತು. ಒಂದು ಕಾಲು ಉದ್ದ, ಒಂದು ಗಿಡ್ಡ ಎಂಬ ವಿವರಣೆ ನಿಲ್ಲಲಿಲ್ಲ, ಒಬ್ಬನೇ ಮನುಷ್ಯ ಒಮ್ಮೆ ಎಡಕ್ಕೆ ಸುತ್ತಿದರೆ ಇನ್ನೊಮ್ಮೆ ಬಲಕ್ಕೆ ಸುತ್ತಿದ್ದ. ನೇರ ಎಂದರೆ ಯಾವ ಕಡೆ ಎಂಬ ಅಂದಾಜೇ ಮಿದುಳಿನಲ್ಲಿ ಹೆಜ್ಜೆಹೆಜ್ಜೆಗೂ ಚೂರುಚೂರೇ ಜಾರುತ್ತದೆ, ದೂರದಲ್ಲಿ ಒಂದು ಗುರುತು ಕಂಡರೆ ಮಾತ್ರ ಅದನ್ನು ತಿದ್ದಿಕೊಳ್ಳುತ್ತೇವೆ. ಮಂಜು ಮೊದಲು ಕಿತ್ತುಕೊಳ್ಳುವುದು ಆ ದೂರದ ಗುರುತನ್ನು.

ಮೇಷ್ಟ್ರನ್ನು ಉಳಿಸಿದ್ದು ಅವರು ನಡೆಯದೆ ಕುಳಿತದ್ದು. ಪೊದೆಯಿಂದ ಹೊರಬಂದು ದನದ ಜಾಡಿನಂಥ ಒಂದು ಸೀಳುದಾರಿ ಹಿಡಿದಿದ್ದರು. ನೂರು ಹೆಜ್ಜೆ ಹೋದ ಮೇಲೆ ಕೆಸರಿನಲ್ಲಿ ಬೂಟಿನ ಗುರುತು ಇಲ್ಲವೆಂದು ಕಂಡು, ಅಲ್ಲೇ ಒಂದು ಬಂಡೆಗೆ ಒರಗಿ ಕುಳಿತುಬಿಟ್ಟಿದ್ದರು. ದಾರಿಯಿಂದ ಅರವತ್ತು ಎಪ್ಪತ್ತು ಮೀಟರ್ ಇದ್ದಿರಬಹುದು, ಅಷ್ಟೆ. ನಾವು ಅವರನ್ನು ಒಮ್ಮೆ ದಾಟಿಯೇ ಕೆಳಗೆ ಹೋಗಿದ್ದೆವು. ತಿರುಗಿ ಬರುವಾಗ ಅವರ ಸ್ಟೀಲ್ ಟಿಫಿನ್ ಡಬ್ಬಿಯನ್ನು ಕಲ್ಲಿಗೆ ಬಡಿಯುವ ಟಣ್ ಟಣ್ ಸದ್ದು ಕೇಳಿತು. ನಾಲ್ಕು ಬಡಿತ, ಬಿಡುವು, ನಾಲ್ಕು ಬಡಿತ. ಅಷ್ಟು ಕ್ರಮವಾಗಿ ಬಡಿಯುವ ಪ್ರಾಣಿ ಕಾಡಿನಲ್ಲಿ ಇಲ್ಲ.

ಸಿಕ್ಕಿದ ಸಂತೋಷದಲ್ಲಿ ಮೊದಲು ಯಾರೂ ಗಮನಿಸಲಿಲ್ಲ. "ಚಳಿ ಏನಿಲ್ಲ" ಎಂದರು. ತುಟಿಯ ಬಣ್ಣ ಕೆಟ್ಟಿತ್ತು. ರೇನ್‌ಕೋಟು ಕಂಕುಳಲ್ಲಿ ಹರಿದು, ಒಳಗಿನ ಹತ್ತಿ ಅಂಗಿ ಮೈಗೆ ಅಂಟಿಕೊಂಡಿತ್ತು. ಅಂಗಿ ಬದಲಾಯಿಸಿ ಸಾರ್ ಎಂದರೆ ಗುಂಡಿಗೆ ಬೆರಳು ಹಾಕಿದರು, ಬೆರಳು ಮಡಚಲಿಲ್ಲ. ಗುಂಡಿಯನ್ನು ಹೆಬ್ಬೆರಳಿನ ಬುಡದಿಂದ ಒತ್ತುತ್ತ, ಅದು ಜಾರುತ್ತ, ಮತ್ತೆ ಒತ್ತುತ್ತ ನಿಂತಿದ್ದರು. ಯಾರದೋ ಅಂಗಿಯ ಗುಂಡಿಯನ್ನು ನೋಡುವಂತೆ ಅದನ್ನು ನೋಡುತ್ತಿದ್ದರು. ಗುಂಪಿನಲ್ಲಿದ್ದ ನರ್ಸ್ ಅಕ್ಕ, "ಸಾರ್, ಹದಿನೇಳರ ಮಗ್ಗಿ ಹೇಳಿ" ಎಂದರು. ಗಣಿತದ ಮೇಷ್ಟ್ರು. ಎಂಬತ್ತೈದರವರೆಗೆ ಬಂದವರು ನಿಂತುಬಿಟ್ಟರು, ನಕ್ಕರು, ಮತ್ತೆ ಮೊದಲಿಂದ ಶುರುಮಾಡಿದರು.

ಆ ಹೊತ್ತಿಗೆ ಅಲ್ಲಿ ಹದಿನೆಂಟು ಡಿಗ್ರಿಯ ಆಸುಪಾಸು ಇದ್ದಿರಬಹುದು. ಬೆಂಗಳೂರಿನಲ್ಲಿ ಅಷ್ಟಿದ್ದರೆ ಸ್ವೆಟರ್ ಹಾಕದೆ ವಾಕಿಂಗ್ ಹೋಗುತ್ತೇವೆ. ಆದರೆ ನೀರು ಮೈಯ ಬಿಸಿಯನ್ನು ಗಾಳಿಗಿಂತ ಇಪ್ಪತ್ತೈದು ಪಟ್ಟು ಬೇಗ ಎಳೆದೊಯ್ಯುತ್ತದೆ. ಒದ್ದೆ ಅಂಗಿ, ಅದರ ಮೇಲೆ ಬೀಸುವ ಗಾಳಿ, ಹೊಟ್ಟೆಯಲ್ಲಿ ಏನೂ ಇಲ್ಲ, ನಡಿಗೆ ನಿಂತಿದೆ. ಈ ನಾಲ್ಕು ಸೇರಿದರೆ ಹಿಮ ಬೇಕಿಲ್ಲ. ಮೈಯೊಳಗಿನ ಬಿಸಿ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೊಥರ್ಮಿಯಾ ಎನ್ನುತ್ತಾರೆ. ಮೊದಲು ನಡುಕ, ಬೆರಳು ಮಾತು ಕೇಳದಿರುವುದು, ಎಡವುವುದು, ನಾಲಿಗೆ ತೊಡರುವುದು, ಸುಮ್ಮಸುಮ್ಮನೆ ಸಿಡುಕು, ಆಮೇಲೆ ನಡುಕವೂ ನಿಂತು ಒಂದು ಬಗೆಯ ಹಾಯಾದ ಅಸಡ್ಡೆ. ಆದವನಿಗೆ ತನಗೆ ಆಗಿದೆ ಎಂದು ತಿಳಿಯುವುದಿಲ್ಲ. ಪಕ್ಕದವರು ನೋಡಬೇಕು. ಮೇಷ್ಟ್ರು ಇನ್ನೂ ನಡುಗುತ್ತಿದ್ದರು, ಹಾಗಾಗಿ ಹೊಸಿಲಿನ ಈಚೆಗೇ ಇದ್ದರು ಎಂದು ಅಕ್ಕ ಆಮೇಲೆ ಹೇಳಿದರು.

ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ತೊಮುರೌಶಿ ಎಂಬ ಬೆಟ್ಟವಿದೆ, ಎತ್ತರ 2,141 ಮೀಟರ್. 2009ರ ಜುಲೈ 16ರಂದು, ನಡುಬೇಸಿಗೆಯಲ್ಲಿ, ಹದಿನೈದು ಚಾರಣಿಗರು ಮತ್ತು ಮೂವರು ಮಾರ್ಗದರ್ಶಿಗಳ ಗುಂಪು ಮಳೆಗಾಳಿಯಲ್ಲಿ ಅಲ್ಲಿ ಹೊರಟಿತು. ಹೆಚ್ಚಿನವರು ನಡುವಯಸ್ಸು ದಾಟಿದವರು. ದಾರಿಯಲ್ಲಿ ಒಬ್ಬರಿಗೆ ಕಾಲು ಬರಲಿಲ್ಲ, ಅವರಿಗಾಗಿ ಎಲ್ಲರೂ ಗಾಳಿಯಲ್ಲೇ ಕಾದು ನಿಂತರು, ಆಮೇಲೆ ಗುಂಪು ಚೂರುಚೂರಾಗಿ ಒಬ್ಬೊಬ್ಬರು ಒಂದೊಂದು ಕಡೆ ಉಳಿದರು. ಹದಿನೆಂಟು ಮಂದಿಯಲ್ಲಿ ಎಂಟು ಜನ, ಒಬ್ಬ ಮಾರ್ಗದರ್ಶಿಯೂ ಸೇರಿ, ಮೈ ತಣಿದು ಸತ್ತರು. ಅಲ್ಲಿಯ ಎತ್ತರ, ಅಕ್ಷಾಂಶ ಎರಡೂ ಬೇರೆ, ಕುಮಾರ ಪರ್ವತದಲ್ಲಿ ಅಂಥ ಚಳಿ ಬೀಳುವುದಿಲ್ಲ. ಆದರೆ ಅವರು ಕಾದದ್ದು, ಹಂಚಿಹೋದದ್ದು ಎಲ್ಲ ನಮಗೆ ತೀರ ಪರಿಚಿತವಾಗಿ ಕೇಳುತ್ತದೆ.

ಮೇಷ್ಟ್ರಿಗೆ ನಾವು ಒಣ ಉಣ್ಣೆಯ ಸ್ವೆಟರ್ ಹಾಕಿದೆವು. ಅದರ ಮೇಲೆ ಕಸಕ್ಕೆಂದು ತಂದಿದ್ದ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತಲೆ ತೂರುವಷ್ಟು ತೂತು ಮಾಡಿ ಏರಿಸಿದೆವು. ಬೆಲ್ಲ, ಫ್ಲಾಸ್ಕಿನ ಕಾಫಿ. ಪುತ್ತೂರಿನ ಹುಡುಗ ಎಲ್ಲರನ್ನೂ ಅವರ ಸುತ್ತ ಒತ್ತಾಗಿ ನಿಲ್ಲಿಸಿದ, ಗಾಳಿಗೆ ಗೋಡೆಯ ಹಾಗೆ. ಹತ್ತಿ ಬಟ್ಟೆ ನೀರು ಕುಡಿದರೆ ಒಳಗಿನ ಗಾಳಿಯನ್ನೆಲ್ಲ ಬಿಟ್ಟುಕೊಡುತ್ತದೆ, ಮತ್ತೆ ಅದು ಬಟ್ಟೆಯಲ್ಲ, ತಣ್ಣೀರು ಪಟ್ಟಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನ ತನಕ ತೇವ ಹೀರಿಯೂ ಬೆಚ್ಚಗಿರುತ್ತದೆ. ಮಲೆನಾಡಿನವರು ಗದ್ದೆಯಲ್ಲಿ ಬೆನ್ನಿಗೆ ಗೊರಬು, ಇಲ್ಲವೇ ತಲೆಯಿಂದ ಕಂಬಳಿಕೊಪ್ಪೆ ಹಾಕಿಕೊಂಡು ಆಷಾಢವಿಡೀ ನಾಟಿ ಮಾಡಿದ್ದು ಇದನ್ನು ಪ್ರಯೋಗಾಲಯದಲ್ಲಿ ಓದಿಕೊಂಡಲ್ಲ. ಮೂರು ಸಾವಿರ ಕೊಟ್ಟು ತಂದ ನನ್ನ ಜಾಕೆಟ್ ಮಧ್ಯಾಹ್ನದ ಹೊತ್ತಿಗೆ ಭುಜದ ಹೊಲಿಗೆಯಲ್ಲಿ ಸೋರುತ್ತಿತ್ತು.

ಮಂಟಪಕ್ಕೆ ಮರಳಿದಾಗ ಹನ್ನೆರಡು ಹತ್ತು. ಅಲ್ಲಿ ಇನ್ನೊಂದು ಸಮಸ್ಯೆ ಕಾದಿತ್ತು. ಶಿಖರ ಇನ್ನು ಎಷ್ಟು ದೂರ, ಇಷ್ಟು ಬಂದು ಹಾಗೇ ಹೋಗುವುದಾ, ಮತ್ತೆ ಬುಕಿಂಗ್ ಸಿಗುತ್ತದಾ. "ಐದು ಜನ ಬೇಗ ಹೋಗಿ ಬರ್ತೀವಿ, ನೀವು ಮೇಷ್ಟ್ರನ್ನ ಕರ್ಕೊಂಡು ಇಳೀತಾ ಇರಿ" ಎಂದರು ಗುಂಪಿನಲ್ಲಿದ್ದ ಸಾಫ್ಟ್‌ವೇರ್ ದಂಪತಿ. ಕೆಟ್ಟವರೇನಲ್ಲ, ಆರು ತಿಂಗಳಿಂದ ಕಾದಿದ್ದರು. ನನಗೂ ಒಳಗೊಳಗೆ ಹೋಗಬೇಕೆನಿಸಿತ್ತು.

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬಾತ ಬೆಟ್ಟದ ನಡಿಗೆಗೆ ಒಂದು ಲೆಕ್ಕ ಬರೆದಿಟ್ಟ. ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ತುದಿಗೆ ಅನ್ವಯಿಸಿದರೆ ಐದು ಗಂಟೆ ಹತ್ತು ನಿಮಿಷದ ಹತ್ತಿರ ಬರುತ್ತದೆ. ಅದು ಗಟ್ಟಿಮುಟ್ಟಾದ ಒಬ್ಬ ಮನುಷ್ಯ, ಒಳ್ಳೆಯ ದಿನ, ಎಲ್ಲೂ ನಿಲ್ಲದೆ ನಡೆದರೆ. ಹನ್ನೊಂದು ಜನರ ಗುಂಪು ಎಂದರೆ ಹನ್ನೊಂದು ಬೂಟಿನ ದಾರ, ಹನ್ನೊಂದು ಬಾಯಾರಿಕೆ, ಹನ್ನೊಂದು ಫೋನು. ಎಲ್ಲರೂ ಒಮ್ಮೆಗೇ ನಿಲ್ಲುವುದಿಲ್ಲ, ಸರದಿಯ ಮೇಲೆ ನಿಲ್ಲುತ್ತಾರೆ. ಆರೂಕಾಲಕ್ಕೆ ಹೊರಟ ನಾವು ಆರು ಗಂಟೆಯಲ್ಲಿ ಮಂಟಪ ಮುಟ್ಟಿದ್ದೆವು, ಮಧ್ಯೆ ಮೇಷ್ಟ್ರ ಹುಡುಕಾಟಕ್ಕೆ ಮುಕ್ಕಾಲು ಗಂಟೆ. ಮುಂದೆ ಶೇಷ ಪರ್ವತ, ಆಮೇಲೆ ಶೋಲಾ, ಆಮೇಲೆ ಪಾಚಿಗಟ್ಟಿದ ಜಾರುಬಂಡೆ. ಹೋಗಿ ಬಂದರೆ ಗಿರಿಗದ್ದೆಯ ಕೆಳಗಿನ ಕಾಡಿನಲ್ಲಿ ಕತ್ತಲು ಖಂಡಿತ. ಅಕ್ಟೋಬರಿನ ಸೂರ್ಯ ಆರು ಗಂಟೆಯ ಸುಮಾರಿಗೆ ಮುಳುಗುತ್ತಾನೆ, ಮರದಡಿಯಲ್ಲಿ ಅದಕ್ಕೂ ಮೊದಲೇ. ಮಂಜಿನಲ್ಲಿ ಹಣೆಗೆ ಕಟ್ಟಿದ ಟಾರ್ಚು ಮುಖದೆದುರು ಬಿಳಿ ಪರದೆ ಇಳಿಬಿಟ್ಟಂತೆ ಮಾಡುತ್ತದೆ. ಬೆಳಕು ಹನಿಗಳಿಗೆ ತಾಗಿ ಕಣ್ಣಿಗೇ ವಾಪಸು ಬರುತ್ತದೆ. ಅದನ್ನು ಬಿಚ್ಚಿ ಸೊಂಟದ ಮಟ್ಟದಲ್ಲಿ ಹಿಡಿದರೆ ಮಾತ್ರ ನೆಲ ಕಂಡೀತು.

ಇದನ್ನೆಲ್ಲ ಯಾರೂ ಅಲ್ಲಿ ಹೀಗೆ ಬಿಡಿಸಿ ಹೇಳಲಿಲ್ಲ. ದೂರದಲ್ಲಿ, ಸೋಮವಾರಪೇಟೆ ದಿಕ್ಕಿನಿಂದ, ಮಂಚ ಎಳೆದಂಥ ಸದ್ದು ಬಂತು. ಮಿಂಚು ಕಾಣಲಿಲ್ಲ, ಮಂಜೇ ಒಮ್ಮೆ ಬೆಳ್ಳಗಾಗಿ ಮಾಸಿತು ಅನ್ನಿಸಿತ್ತು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಎಣಿಸಿದರೆ ಒಂದು ಕಿಲೋಮೀಟರ್, ಮೂವತ್ತು ಎಣಿಸುವ ಮೊದಲೇ ಗುಡುಗಿದರೆ ಬಯಲಿನಲ್ಲಿ ನಿಲ್ಲಬಾರದು. ಬೋಳು ಹುಲ್ಲುಗುಡ್ಡದ ಏಣಿನ ಮೇಲೆ ಹನ್ನೆರಡು ಜನ ಹುಲ್ಲಿಗಿಂತ ಎತ್ತರವಾಗಿ ನಿಂತಿದ್ದೆವು. ನಾನು ಹದಿನೆಂಟರವರೆಗೆ ಎಣಿಸಿದೆ. "ಇನ್ನು ಸಾಕು ಮಾರ್ರೆ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಇಳಿಯುವ" ಎಂದ ಹುಡುಗ. ಇಪ್ಪತ್ತಾರು ವರ್ಷದವನು. "ಎಲ್ಲ ಒಟ್ಟಿಗೆ" ಎಂದು ಸೇರಿಸಿದ. ಸಾಫ್ಟ್‌ವೇರ್ ದಂಪತಿ ಏನೂ ಹೇಳದೆ ಚೀಲ ಹೆಗಲಿಗೇರಿಸಿದರು.

ಇಳಿಯುವಾಗ ಸಾಲು ಬದಲಾಯಿತು. ಮೇಷ್ಟ್ರನ್ನು ಮುಂದಿನಿಂದ ಎರಡನೆಯವರಾಗಿ ಹಾಕಿ, ಅವರ ನಡಿಗೆಯೇ ಎಲ್ಲರ ನಡಿಗೆ ಎಂದಾಯಿತು. ಅತಿ ನಿಧಾನದವರನ್ನು ಹಿಂದೆ ಹಾಕಿದರೆ ಮುಂದಿನವರು ಕಾಯುತ್ತಾರೆ, ಅವರು ಬಂದು ಮುಟ್ಟಿದ ಕೂಡಲೇ ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೆ ಅದು ಸಿಗುವುದೇ ಇಲ್ಲ. ಹೆಸರು ಕೂಗಿ ಎಣಿಸಲು ಶುರುಮಾಡಿದೆವು, ತಲೆ ಎಣಿಸುವುದನ್ನು ಬಿಟ್ಟೆವು. ಹುಬ್ಬಳ್ಳಿ ಹುಡುಗನೂ ಹನ್ನೆರಡನೆಯವನಾಗಿ ಹಾಜರಿ ಹೇಳಿದ. ಗಿರಿಗದ್ದೆಯಲ್ಲಿ ಅವನ ಗುಂಪು ಅನ್ನ ಸಾಂಬಾರು ಉಣ್ಣುತ್ತಿತ್ತು. "ನೀ ಮುಂದ ಹೋಗಿ ಅಂತ ತಿಳಕೊಂಡಿದ್ವಲೇ" ಎಂದು ಒಬ್ಬ ಮಜ್ಜಿಗೆ ಕುಡಿಯುತ್ತಲೇ ಹೇಳಿದ. ಅವರು ಎಣಿಸಿಯೇ ಇರಲಿಲ್ಲ. ಹುಡುಗ ನಮ್ಮ ಕಡೆ ತಿರುಗಿ ಕೈ ಬೀಸಿ, ತಟ್ಟೆ ಹಿಡಿದು ಕುಳಿತ.

ಅಲ್ಲಿಂದ ಕೆಳಗೆ ಮಳೆ ಸರಿಯಾಗಿಯೇ ಹಿಡಿಯಿತು. ಬೇರುಗಳ ಮೇಲೆ ಕೂತು ಜಾರಿ, ಒಬ್ಬರ ಕೋಲು ಇನ್ನೊಬ್ಬರು ಹಿಡಿದು ಇಳಿದೆವು. ಒಂದು ಕಡೆ ಮಾತ್ರ, ಒಂದು ನಿಮಿಷವೂ ಇದ್ದಿರಲಾರದು, ಮರಗಳ ನಡುವೆ ಬಿಳಿ ಹರಿದು ಕೆಳಗಿನ ಅಡಿಕೆ ತೋಟಗಳ ಹಸಿರು ಇಣುಕಿತು. ಫೋನು ತೆಗೆಯುವಷ್ಟರಲ್ಲಿ ಮುಚ್ಚಿಕೊಂಡಿತು.

ಸಂಜೆ ಐದೂವರೆಗೆ ಕುಮಾರಧಾರೆಯ ಸ್ನಾನಘಟ್ಟದಲ್ಲಿದ್ದೆವು. ಕುಕ್ಕೆಯ ರಸ್ತೆ ಒಣಗಿತ್ತು, ಹನಿ ಬಿದ್ದ ಗುರುತೂ ಇಲ್ಲ. ಹೊಳೆ ಮೆಲ್ಲಗೆ ಕೆಂಪಾಗುತ್ತಿತ್ತು. ಹಣ್ಣುಕಾಯಿ ಮಾರುವ ಹೆಂಗಸು ನಮ್ಮ ಬಟ್ಟೆಯ ಅವಸ್ಥೆ ನೋಡಿ, ನೀರು ಏರುತ್ತದೆ, ಆಚೆ ಹೋಗಬೇಡಿ ಎಂದರು. ಬೆಟ್ಟದ ಕಡೆ ಗಲ್ಲ ಎತ್ತಿ ತೋರಿಸಿದರು. ಅಲ್ಲಿ ಬೆಟ್ಟ ಇರಲಿಲ್ಲ, ಒಂದು ಮೋಡ ಕಾಲು ಚಾಚಿ ಮಲಗಿತ್ತು.

"ಬೆಳಿಗ್ಗೆಯಿಂದ ಅಲ್ಲೇ ಉಂಟು ಅದು" ಎಂದರು.

"ನಾವು ಅದರ ಒಳಗೇ ಇದ್ದದ್ದು" ಎಂದ ಪುತ್ತೂರಿನ ಹುಡುಗ.

"ಹೌದಾ! ಎಂತ ಕಂಡಿತು?"

ಮೇಷ್ಟ್ರು ಮೆಟ್ಟಿಲ ಮೇಲೆ ಕುಳಿತು ಸಾಕ್ಸು ಹಿಂಡುತ್ತಿದ್ದರು. ಮೈಮೇಲೆ ಇನ್ನೂ ಆ ಕಸದ ಚೀಲ. "ಏನೂ ಕಾಣ್ಲಿಲ್ಲಮ್ಮ" ಎಂದು ಇನ್ನೊಂದು ಕಾಲಿನದನ್ನು ಕಳಚತೊಡಗಿದರು.